ಲೈವ್‌ಬ್ಲಾಗಿಂಗ್

ಲೈವ್‌ಬ್ಲಾಗಿಂಗ್ (ನೇರ ಬ್ಲಾಗ್ ಬರಹ) ಎಂದರೆ ಒಂದು ಘಟನೆ ನಡೆಯುತ್ತಿರುವಾಗಲೇ ಅದನ್ನು ನೋಡುತ್ತ, ಕೇಳುತ್ತ, ಅದರ ವಿವರಗಳನ್ನು ಬರಹದ ರೂಪದಲ್ಲಿ ಅಂತರಜಾಲದಲ್ಲಿ ಪ್ರಕಟಿಸುವ ಕ್ರಮ. ಕ್ರೀಡೆ, ಚುನಾವಣೆ, ನ್ಯಾಯಾಲಯದ ತೀರ್ಪು, ಹೊಸ ಉತ್ಪನ್ನಗಳ ಬಿಡುಗಡೆ ಮುಂತಾದ ಸಂದರ್ಭಗಳಲ್ಲಿ ಸುದ್ದಿಸಂಸ್ಥೆಗಳು ಈ ಕ್ರಮವನ್ನು ವ್ಯಾಪಕವಾಗಿ ಬಳಸುತ್ತವೆ. ವೈಯಕ್ತಿಕ ಬ್ಲಾಗ್ ನಡೆಸುವವರು ತಮ್ಮ ವೃತ್ತಿಕ್ಷೇತ್ರದ ಸಮ್ಮೇಳನಗಳಲ್ಲಿ ಕುಳಿತು ಉಪನ್ಯಾಸಗಳ ಸಾರವನ್ನು ಅಲ್ಲಿಂದಲೇ ಬರೆಯುವ ಪರಿಪಾಠವೂ ಇದೆ. ವೆಬ್ ವಿನ್ಯಾಸ ಕ್ಷೇತ್ರದಲ್ಲಿ ಈ ಪರಿಪಾಠ ಎದ್ದು ಕಾಣುತ್ತದೆ. ಸಭಾಂಗಣದಲ್ಲಿರುವ ಕೆಲವು ನೂರು ಮಂದಿಗೆ ಮಾತ್ರ ಕೇಳಿಸುವ ಮಾತು ಲೈವ್‌ಬ್ಲಾಗ್‌ನ ಮೂಲಕ ಹೊರಗಿನ ಓದುಗರಿಗೂ, ವರ್ಷಗಳ ಬಳಿಕ ಹುಡುಕಿ ಬರುವವರಿಗೂ ದೊರೆಯುತ್ತದೆ. ಆ ದಾಖಲೆ ಎಷ್ಟು ಕಾಲ ಉಳಿಯುತ್ತದೆ ಎಂಬುದು ಅದನ್ನು ಎಲ್ಲಿ ಪ್ರಕಟಿಸಲಾಗಿದೆ, ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಅವಲಂಬಿಸಿದೆ.

ಪದಮೂಲ ಮತ್ತು ಪ್ರಭೇದಗಳು

'ವೆಬ್‌ಲಾಗ್' ಎಂಬ ಪದವನ್ನು 1997ರ ಡಿಸೆಂಬರಿನಲ್ಲಿ ಅಮೆರಿಕದ ಜಾರ್ನ್ ಬಾರ್ಗರ್ ಬಳಕೆಗೆ ತಂದರು. ವೆಬ್‌ನಲ್ಲಿ ತಾವು ಓದಿದ ಪುಟಗಳ ದಿನಚರಿ ಎಂಬುದು ಅವರ ಉದ್ದೇಶಿತ ಅರ್ಥವಾಗಿತ್ತು. 1999ರಲ್ಲಿ ಪೀಟರ್ ಮೆರ್ಹೋಲ್ಜ್ ಆ ಪದವನ್ನು 'ವಿ ಬ್ಲಾಗ್' ಎಂದು ತಮಾಷೆಗಾಗಿ ಒಡೆದು ಬರೆದರು. ಅಲ್ಲಿಂದ 'ಬ್ಲಾಗ್' ಎಂಬ ಚಿಕ್ಕ ರೂಪ ನೆಲೆಗೊಂಡಿತು. ನೇರಪ್ರಸಾರವನ್ನು ಸೂಚಿಸುವ 'ಲೈವ್' ಪದ ಅದರೊಂದಿಗೆ ಸೇರಿ 'ಲೈವ್‌ಬ್ಲಾಗ್' ಆಯಿತು.

ಲೈವ್‌ಬ್ಲಾಗ್‌ಗಳಲ್ಲಿ ಸ್ಥೂಲವಾಗಿ ಎರಡು ಪ್ರಭೇದಗಳನ್ನು ಗುರುತಿಸಬಹುದು. ಮೊದಲನೆಯದು ಸುದ್ದಿ ಮಾದರಿಯದು. ಇದರಲ್ಲಿ ಸಮಯ ನಮೂದಿಸಿದ ಚಿಕ್ಕ ಚಿಕ್ಕ ಟಿಪ್ಪಣಿಗಳು ಒಂದೇ ಪುಟದಲ್ಲಿ ಸೇರುತ್ತ ಹೋಗುತ್ತವೆ. ಹೊಸ ಟಿಪ್ಪಣಿ ಸಾಮಾನ್ಯವಾಗಿ ಮೇಲ್ಭಾಗದಲ್ಲಿರುತ್ತದೆ. ಎರಡನೆಯದು ಉಪನ್ಯಾಸ ಮಾದರಿಯದು. ಇದರಲ್ಲಿ ಒಬ್ಬ ಭಾಷಣಕಾರರ ಮಾತು ಮೇಲಿನಿಂದ ಕೆಳಕ್ಕೆ ಓದಬಹುದಾದ ಒಂದೇ ಬರಹವಾಗುತ್ತದೆ ಮತ್ತು ಮಾತು ಮುಗಿದ ಕೆಲವೇ ನಿಮಿಷಗಳಲ್ಲಿ ಪ್ರಕಟವಾಗುತ್ತದೆ. ಪಂದ್ಯದ ಓದುಗರಿಗೆ ಈ ಕ್ಷಣದ ಸ್ಥಿತಿ ಮುಖ್ಯ. ಉಪನ್ಯಾಸದ ಓದುಗರಿಗೆ ವಾದ ಹಂತಹಂತವಾಗಿ ಹೇಗೆ ಬೆಳೆಯಿತು ಎಂಬುದು ಮುಖ್ಯ. ಈ ವ್ಯತ್ಯಾಸವೇ ಎರಡು ರೂಪಗಳಿಗೆ ಕಾರಣ.

ಇತಿಹಾಸ

ನಡೆಯುತ್ತಿರುವುದನ್ನು ಅಕ್ಷರದಲ್ಲಿ ಬಿತ್ತರಿಸುವ ಪ್ರಯತ್ನ ಬ್ಲಾಗ್ ಎಂಬ ಪದಕ್ಕಿಂತ ಹಳೆಯದು. 1993ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿದ್ದ ಸೈಮನ್ ಕಿಂಗ್ ಆರಂಭಿಸಿದ ಕ್ರಿಕ್‌ಇನ್ಫೊ, ಹೊರದೇಶಗಳಲ್ಲಿದ್ದ ಕ್ರಿಕೆಟ್ ಅಭಿಮಾನಿಗಳಿಗೆ ಪಂದ್ಯದ ವಿವರಗಳನ್ನು ಬರಹದಲ್ಲಿ ತಲುಪಿಸಿತು. ಅದರ ಎಸೆತ ಎಸೆತದ ವರದಿಯನ್ನು ಇಂದಿನ ಲೈವ್‌ಬ್ಲಾಗ್‌ನ ಪೂರ್ವರೂಪವೆಂದು ಪರಿಗಣಿಸಬಹುದು.

ವೈಯಕ್ತಿಕ ಬ್ಲಾಗ್ ನಡೆಸಲು ಆರಂಭದಲ್ಲಿ ಎಚ್‌ಟಿಎಂಎಲ್ ಬರೆಯುವ ಮತ್ತು ಕಡತಗಳನ್ನು ಸರ್ವರ್‌ಗೆ ಏರಿಸುವ ತಿಳಿವಳಿಕೆ ಅಗತ್ಯವಿತ್ತು. 1999ರಲ್ಲಿ ಬ್ಲಾಗರ್, 2001ರಲ್ಲಿ ಮೂವಬಲ್ ಟೈಪ್, 2003ರಲ್ಲಿ ವರ್ಡ್‌ಪ್ರೆಸ್ ಬಂದ ಬಳಿಕ ಬರೆದದ್ದನ್ನು ಕೂಡಲೇ ಪ್ರಕಟಿಸುವುದು ಸುಲಭವಾಯಿತು. ಅದೇ ಕಾಲದಲ್ಲಿ ಸಮ್ಮೇಳನಗಳ ಸಭಾಂಗಣಗಳಿಗೆ ವೈ-ಫೈ ಬಂದಿತು. ಈ ಎರಡೂ ಸೇರಿದಾಗ ಕುಳಿತಲ್ಲಿಂದಲೇ ಬರೆಯುವ ಅಭ್ಯಾಸ ಹುಟ್ಟಿತು.

ಅದರ ಪರಿಣಾಮವನ್ನು ಮೊದಲಿಗೆ ತೋರಿಸಿಕೊಟ್ಟ ಪ್ರಸಂಗಗಳಲ್ಲಿ ಒಂದು 2002ರ ಮಾರ್ಚ್‌ನಲ್ಲಿ ಅರಿಜೋನಾದಲ್ಲಿ ನಡೆದ ಪಿಸಿ ಫೋರಂ ಸಮ್ಮೇಳನದ್ದು. ಕ್ವೆಸ್ಟ್ ದೂರಸಂಪರ್ಕ ಸಂಸ್ಥೆಯ ಮುಖ್ಯಸ್ಥ ಜೋಸೆಫ್ ನಾಚಿಯೊ ಬಂಡವಾಳ ಸಂಗ್ರಹದ ಕಷ್ಟಗಳನ್ನು ವೇದಿಕೆಯಲ್ಲಿ ಹೇಳಿಕೊಳ್ಳುತ್ತಿದ್ದರು. ಪತ್ರಕರ್ತ ಡ್ಯಾನ್ ಗಿಲ್ಮೊರ್ ಅದನ್ನು ಸಭೆಯಲ್ಲಿಯೇ ಕುಳಿತು ತಮ್ಮ ಬ್ಲಾಗ್‌ನಲ್ಲಿ ಬರೆಯುತ್ತಿದ್ದರು. ದೂರದಲ್ಲಿ ಅದನ್ನು ಓದುತ್ತಿದ್ದ ಒಬ್ಬರು, ನಾಚಿಯೊ ತಮ್ಮ ಸಂಸ್ಥೆಯ ಷೇರುಗಳನ್ನು ದೊಡ್ಡ ಪ್ರಮಾಣದಲ್ಲಿ ಮಾರಿದ್ದ ಮಾಹಿತಿಯ ಕೊಂಡಿಯನ್ನು ಗಿಲ್ಮೊರ್ ಅವರಿಗೆ ಕಳುಹಿಸಿದರು. ಅದು ಬ್ಲಾಗ್‌ನಲ್ಲಿ ಪ್ರಕಟವಾಯಿತು. ಸಭಿಕರಲ್ಲಿ ಹಲವರು ತಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಓದಿದರು. ಮಾತು ಮುಗಿಯುವುದರೊಳಗೆ ಸಭೆಯ ಭಾವ ಬದಲಾಯಿತು. ಗಿಲ್ಮೊರ್ 2004ರ ತಮ್ಮ 'ವಿ ದ ಮೀಡಿಯಾ' ಗ್ರಂಥದಲ್ಲಿ ಈ ಪ್ರಸಂಗವನ್ನು ವಿವರಿಸಿದ್ದಾರೆ. ಸಭಿಕರು ಕೇವಲ ಕೇಳುಗರಾಗಿ ಉಳಿಯುವ ಕಾಲ ಮುಗಿಯಿತೆಂಬುದಕ್ಕೆ ಇದನ್ನು ನಿದರ್ಶನವಾಗಿ ಉಲ್ಲೇಖಿಸಲಾಗುತ್ತದೆ.

2007ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ನಗರದ ಸೌತ್ ಬೈ ಸೌತ್‌ವೆಸ್ಟ್ ಉತ್ಸವದಲ್ಲಿ ಟ್ವಿಟರ್ ಜನಪ್ರಿಯವಾಯಿತು. ಅನಂತರ ಸಮ್ಮೇಳನಗಳ ಬಗೆಗಿನ ತತ್‌ಕ್ಷಣದ ಮಾತುಕತೆಯ ಬಹುಭಾಗ ಹ್ಯಾಷ್‌ಟ್ಯಾಗ್‌ಗಳಿಗೆ ಸರಿಯಿತು. ಉಪನ್ಯಾಸವನ್ನು ಪೂರ್ಣವಾಗಿ ಬರೆದಿಡುವ ಕೆಲಸ ಮಾತ್ರ ಕೆಲವು ವೈಯಕ್ತಿಕ ಬ್ಲಾಗ್‌ಗಳಲ್ಲಿ ಮುಂದುವರಿಯಿತು.

ವೆಬ್ ವಿನ್ಯಾಸ ಸಮ್ಮೇಳನಗಳಲ್ಲಿ

ವೆಬ್ ವಿನ್ಯಾಸ ವೃತ್ತಿಯಾಗಿ ರೂಪುಗೊಂಡ ವರ್ಷಗಳಲ್ಲಿ ಅದಕ್ಕೆ ನಿಶ್ಚಿತ ಪಠ್ಯಕ್ರಮವಿರಲಿಲ್ಲ. ಸಿಎಸ್‌ಎಸ್ ಬಳಸಿ ಪುಟ ಕಟ್ಟುವ ಉಪಾಯಗಳು, ಬ್ರೌಸರ್‌ಗಳ ದೋಷಗಳು, ಅಂಗವಿಕಲರಿಗೆ ಪುಟಗಳು ಎಟಕುವಂತೆ ಮಾಡುವ ಕ್ರಮಗಳು ಮುಂತಾದವನ್ನು ವಿನ್ಯಾಸಕಾರರು ಪರಸ್ಪರರ ವೈಯಕ್ತಿಕ ಬ್ಲಾಗ್‌ಗಳಿಂದ ಕಲಿತರು. ಜೆಫ್ರಿ ಜೆಲ್ಡ್‌ಮನ್ 1995ರಿಂದಲೇ ಸ್ವಂತ ತಾಣವನ್ನು ನಡೆಸುತ್ತಿದ್ದರು. ಸಿಎಸ್‌ಎಸ್ ಕುರಿತ ಪುಸ್ತಕಗಳಿಂದ ಹೆಸರಾದ ಎರಿಕ್ ಮೇಯರ್ ಕೂಡ ತಮ್ಮ ತಾಣದಲ್ಲಿ ಪ್ರಯೋಗಗಳನ್ನು ಪ್ರಕಟಿಸುತ್ತಿದ್ದರು. ಇವರಿಬ್ಬರೂ ಸೇರಿ ಆರಂಭಿಸಿದ 'ಆ್ಯನ್ ಈವೆಂಟ್ ಅಪಾರ್ಟ್' ಸಮ್ಮೇಳನ 2005ರ ಡಿಸೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲಿ ಮೊದಲ ಬಾರಿಗೆ ನಡೆಯಿತು. ಅದೇ ವರ್ಷ ಇಂಗ್ಲೆಂಡಿನ ಬ್ರೈಟನ್ ನಗರದಲ್ಲಿ ಕ್ಲಿಯರ್‌ಲೆಫ್ಟ್ ಸಂಸ್ಥೆಯ 'ಡಿಕನ್‌ಸ್ಟ್ರಕ್ಟ್' ಆರಂಭವಾಯಿತು. ಹೀಗೆ ಬ್ಲಾಗ್ ಬರೆಯುವವರೇ ಸಮ್ಮೇಳನಗಳ ಸಂಘಟಕರೂ ಭಾಷಣಕಾರರೂ ಸಭಿಕರೂ ಆಗಿದ್ದರಿಂದ, ಕೇಳಿದ್ದನ್ನು ಬರೆದು ಹಂಚುವುದು ಸಹಜವಾಗಿ ಬೆಳೆಯಿತು.

ಈ ಬರಹಗಳಿಗೆ ಆರ್ಥಿಕ ಮಹತ್ವವೂ ಇತ್ತು. 'ಆ್ಯನ್ ಈವೆಂಟ್ ಅಪಾರ್ಟ್'ನಂಥ ಸಮ್ಮೇಳನದ ಮೂರು ದಿನಗಳ ಪ್ರವೇಶಕ್ಕೆ ಸಾವಿರ ಡಾಲರ್‌ಗಿಂತ ಹೆಚ್ಚು ಶುಲ್ಕವಿರುತ್ತಿತ್ತು. ಪ್ರಯಾಣ ಮತ್ತು ವಾಸ್ತವ್ಯದ ವೆಚ್ಚ ಬೇರೆ. ವಿದ್ಯಾರ್ಥಿಗಳಿಗೆ, ಸ್ವತಂತ್ರವಾಗಿ ದುಡಿಯುವವರಿಗೆ ಮತ್ತು ದೂರದ ದೇಶದವರಿಗೆ ಆ ಉಪನ್ಯಾಸಗಳು ಬಹುತೇಕ ಬರಹಗಳ ಮೂಲಕವೇ ದೊರೆಯಬೇಕಿತ್ತು.

ವೃತ್ತಿಯ ದಿಕ್ಕು ಬದಲಿಸಿದ ಕೆಲವು ವಿಚಾರಗಳು ವೇದಿಕೆಯಲ್ಲಿ ಮೊದಲು ಕೇಳಿಬಂದಿವೆ. ಪರದೆಯ ಅಗಲಕ್ಕೆ ತಕ್ಕಂತೆ ಪುಟ ಹೊಂದಿಕೊಳ್ಳುವ 'ರೆಸ್ಪಾನ್ಸಿವ್ ವೆಬ್ ಡಿಸೈನ್' ಇದಕ್ಕೆ ಉದಾಹರಣೆ. ಈಥನ್ ಮಾರ್ಕಾಟ್ 2010ರ ಏಪ್ರಿಲ್‌ನಲ್ಲಿ ಸಿಯಾಟಲ್‌ನ 'ಆ್ಯನ್ ಈವೆಂಟ್ ಅಪಾರ್ಟ್'ನಲ್ಲಿ ಈ ಚಿಂತನೆಯನ್ನು ಮಂಡಿಸಿದರು. ಅದೇ ಹೆಸರಿನ ಅವರ ಪ್ರಸಿದ್ಧ ಲೇಖನ 'ಎ ಲಿಸ್ಟ್ ಅಪಾರ್ಟ್' ಪತ್ರಿಕೆಯಲ್ಲಿ ಪ್ರಕಟವಾದದ್ದು ಮೇ 25ರಂದು. ಲೇಖನ ಅಥವಾ ಪುಸ್ತಕವಾಗುವ ಮೊದಲೇ ವಿಚಾರವೊಂದು ಹೇಗಿತ್ತು ಎಂದು ತಿಳಿಯಲು ಸಭೆಯಲ್ಲಿ ಬರೆದ ಟಿಪ್ಪಣಿಗಳು ಉಪಯುಕ್ತ ಆಕರವಾಗುತ್ತವೆ.

ಈ ಪ್ರಕಾರದಲ್ಲಿ ದೀರ್ಘಕಾಲ ಬರೆದವರಲ್ಲಿ ಐರ್ಲೆಂಡ್ ಮೂಲದ ಜೆರೆಮಿ ಕೀತ್ ಪ್ರಮುಖರು. ಕ್ಲಿಯರ್‌ಲೆಫ್ಟ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಇವರು 'ಡಾಮ್ ಸ್ಕ್ರಿಪ್ಟಿಂಗ್' (2005), 'ಎಚ್‌ಟಿಎಂಎಲ್5 ಫಾರ್ ವೆಬ್ ಡಿಸೈನರ್ಸ್' (2010), 'ರೆಸಿಲಿಯೆಂಟ್ ವೆಬ್ ಡಿಸೈನ್' (2016) ಮುಂತಾದ ಕೃತಿಗಳ ಲೇಖಕರು. 2001ರ ಸೆಪ್ಟೆಂಬರ್ 30ರಿಂದ 'ಅಡ್ಯಾಕ್ಟಿಯೊ' ಎಂಬ ತಮ್ಮ ತಾಣದಲ್ಲಿ ದಿನಚರಿ ರೂಪದ ಬ್ಲಾಗ್ ಬರೆಯುತ್ತಿದ್ದಾರೆ. 'ಆ್ಯನ್ ಈವೆಂಟ್ ಅಪಾರ್ಟ್' ಸೇರಿದಂತೆ ಹಲವು ಸಮ್ಮೇಳನಗಳ ಉಪನ್ಯಾಸಗಳ ಲೈವ್‌ಬ್ಲಾಗ್‌ಗಳು ಅಲ್ಲಿವೆ. 'ಮೊಬೈಲ್ ಫಸ್ಟ್' (2011) ಕೃತಿಯ ಲೇಖಕ ಲ್ಯೂಕ್ ರೊಬ್ಲೆವ್‌ಸ್ಕಿ ಅವರ ತಾಣದಲ್ಲಿಯೂ ಇತರರ ಉಪನ್ಯಾಸಗಳ ಟಿಪ್ಪಣಿಗಳು ದೊಡ್ಡ ಸಂಖ್ಯೆಯಲ್ಲಿವೆ. ರೊಬ್ಲೆವ್‌ಸ್ಕಿ ಹೆಚ್ಚಾಗಿ ಅಂಶಗಳ ಪಟ್ಟಿಯಾಗಿ ಬರೆಯುತ್ತಾರೆ. ಕೀತ್ ಭಾಷಣದ ಓಟವನ್ನು ಅನುಸರಿಸುವ ಗದ್ಯವಾಗಿ ಬರೆಯುತ್ತಾರೆ. ಎರಡೂ ಶೈಲಿಗಳಿಗೆ ಅನುಯಾಯಿಗಳಿದ್ದಾರೆ.

ಬರೆಯುವ ವಿಧಾನ

ಇಂಗ್ಲಿಷ್ ಭಾಷಣಕಾರರು ಸಾಮಾನ್ಯವಾಗಿ ನಿಮಿಷಕ್ಕೆ 120ರಿಂದ 150 ಪದಗಳನ್ನು ಆಡುತ್ತಾರೆ. ಸಾಮಾನ್ಯ ಬೆರಳಚ್ಚಿನ ವೇಗ ಅದರ ಮೂರನೆಯ ಒಂದು ಭಾಗದಷ್ಟಿರುತ್ತದೆ. ಆದುದರಿಂದ ಲೈವ್‌ಬ್ಲಾಗ್ ಎಂದಿಗೂ ಪದಶಃ ಪ್ರತಿಲಿಪಿಯಾಗಲಾರದು. ಯಾವುದನ್ನು ಬಿಡಬೇಕು ಎಂಬ ನಿರ್ಧಾರವನ್ನು ಪ್ರತಿ ಕ್ಷಣವೂ ಮಾಡಬೇಕಾಗುತ್ತದೆ. ಕೇಳುತ್ತಿರುವ ವಾಕ್ಯವನ್ನು ಗ್ರಹಿಸುತ್ತ ಹಿಂದಿನ ವಾಕ್ಯವನ್ನು ಬರೆಯುವ ಈ ಕೆಲಸಕ್ಕೆ ವಿಷಯದ ಪರಿಚಯ ಅತ್ಯಗತ್ಯ. ವಿಷಯ ತಿಳಿದವರು ಪರಿಚಿತ ಭಾಗವನ್ನು ಒಂದೇ ಸಾಲಿನಲ್ಲಿ ಮುಗಿಸಿ, ಹೊಸ ಅಂಶಕ್ಕೆ ಸಮಯ ಉಳಿಸಿಕೊಳ್ಳಬಲ್ಲರು.

ಸಿದ್ಧತೆ: ಭಾಷಣಕಾರರ ಹೆಸರಿನ ಸರಿಯಾದ ಕಾಗುಣಿತ, ಉಪನ್ಯಾಸದ ಶೀರ್ಷಿಕೆ, ಭಾಷಣಕಾರರ ತಾಣದ ಕೊಂಡಿ ಇವುಗಳನ್ನು ಮೊದಲೇ ಬರೆದಿಟ್ಟ ಕರಡನ್ನು ತೆರೆದುಕೊಳ್ಳಲಾಗುತ್ತದೆ. ಸಂಪರ್ಕ ಕಡಿದರೂ ಬರಹ ಕಳೆದುಹೋಗದಂತೆ ಬ್ರೌಸರ್‌ನ ಪೆಟ್ಟಿಗೆಯ ಬದಲು ಗಣಕದಲ್ಲಿಯೇ ಕೆಲಸ ಮಾಡುವ ಸರಳ ಪಠ್ಯ ಸಂಪಾದಕದಲ್ಲಿ ಬರೆಯುವುದು ಕ್ಷೇಮ.

ಬರೆಯುವಾಗ: ಭಾಷಣಕಾರರ ಮಾತು ಮತ್ತು ಬರೆಯುವವರ ಅಭಿಪ್ರಾಯ ಬೇರೆಬೇರೆಯಾಗಿ ಕಾಣಬೇಕು. ಸಾರವನ್ನು ಪ್ರಥಮ ಪುರುಷದಲ್ಲಿ ಬರೆದು, ಸ್ವಂತ ಟಿಪ್ಪಣಿಯನ್ನು ಚೌಕ ಆವರಣದಲ್ಲಿ ಇಡುವುದು ಒಂದು ರೂಢಿ. ಉದ್ಧರಣ ಚಿಹ್ನೆಗಳನ್ನು ಖಚಿತವಾಗಿ ಕೇಳಿಸಿದ ವಾಕ್ಯಗಳಿಗೆ ಮಾತ್ರ ಬಳಸಲಾಗುತ್ತದೆ. ಪರದೆಯ ಮೇಲಿನ ಚಿತ್ರ ಅಥವಾ ಕೋಡ್ ಮೇಲೆ ವಾದ ನಿಂತಿದ್ದರೆ ಅದು ಏನೆಂದು ಮಾತಿನಲ್ಲಿ ವಿವರಿಸಬೇಕಾಗುತ್ತದೆ, ಏಕೆಂದರೆ ಓದುಗರ ಮುಂದೆ ಸ್ಲೈಡ್ ಇರುವುದಿಲ್ಲ.

ಮುಗಿದ ಬಳಿಕ: ವಿರಾಮದ ಅವಧಿಯಲ್ಲಿ ಕಾಗುಣಿತವನ್ನು ತಿದ್ದಿ, ಉಲ್ಲೇಖಿತ ಲೇಖನಗಳಿಗೆ ಕೊಂಡಿ ಸೇರಿಸಿ ಪ್ರಕಟಿಸಲಾಗುತ್ತದೆ. ಭಾಷಣಕಾರರೇ ನಂತರ ತಪ್ಪು ತೋರಿಸಿದರೆ, ತಿದ್ದುಪಡಿಯನ್ನು ದಿನಾಂಕದೊಂದಿಗೆ ನಮೂದಿಸುವುದು ಉತ್ತಮ ಪದ್ಧತಿ.

ತಾಂತ್ರಿಕ ವ್ಯವಸ್ಥೆ

ಸುದ್ದಿ ಮಾದರಿಯ ಪುಟ ತನ್ನಷ್ಟಕ್ಕೆ ನವೀಕರಣಗೊಳ್ಳಬೇಕು. ಇದಕ್ಕಾಗಿ ಬ್ರೌಸರ್ ನಿಗದಿತ ಅವಧಿಗೊಮ್ಮೆ ಸರ್ವರ್ ಅನ್ನು ವಿಚಾರಿಸುತ್ತದೆ, ಇಲ್ಲವೇ ವೆಬ್‌ಸಾಕೆಟ್‌ನಂಥ ತೆರೆದ ಸಂಪರ್ಕದ ಮೂಲಕ ಸರ್ವರ್ ಹೊಸ ಟಿಪ್ಪಣಿಯನ್ನು ತಾನೇ ಕಳುಹಿಸುತ್ತದೆ. ಪರದೆ ಓದುವ ತಂತ್ರಾಂಶ ಬಳಸುವ ದೃಷ್ಟಿದೋಷವುಳ್ಳವರಿಗೆ ಹೊಸ ಟಿಪ್ಪಣಿ ಬಂದದ್ದು ತಿಳಿಯಲು 'ಆರಿಯಾ-ಲೈವ್' ಎಂಬ ಗುಣಸೂಚಕವಿದೆ. ಶೋಧಯಂತ್ರಗಳು ಇಂಥ ಪುಟಗಳನ್ನು ಗುರುತಿಸಲು ಸ್ಕೀಮಾ ಡಾಟ್ ಆರ್ಗ್ ಪದಕೋಶದಲ್ಲಿ 'ಲೈವ್‌ಬ್ಲಾಗ್‌ಪೋಸ್ಟಿಂಗ್' ಎಂಬ ಪ್ರತ್ಯೇಕ ವರ್ಗವಿದೆ.

ಉಪನ್ಯಾಸ ಮಾದರಿಗೆ ಇವು ಯಾವುವೂ ಬೇಕಿಲ್ಲ. ಶೀರ್ಷಿಕೆ, ಪ್ಯಾರಾಗಳು, ಕೊಂಡಿಗಳಿರುವ ಸರಳ ಎಚ್‌ಟಿಎಂಎಲ್ ಪುಟ ಮತ್ತು ಓದುಗರಿಗೆ ಸೂಚನೆ ಕೊಡುವ ಆರ್‌ಎಸ್‌ಎಸ್ ಫೀಡ್ ಸಾಕು. ಇಂಥ ಪುಟ ಹಳೆಯ ಬ್ರೌಸರ್‌ಗಳಲ್ಲಿಯೂ ತೆರೆದುಕೊಳ್ಳುತ್ತದೆ ಮತ್ತು ನಿರ್ವಹಣೆಗೆ ಹಗುರ.

ಎರಡೂ ಮಾದರಿಗಳಿಗೆ ಸಭಾಂಗಣದ ಜಾಲ ಸಂಪರ್ಕವೇ ದುರ್ಬಲ ಕೊಂಡಿ. 2010ರ ಜೂನ್ 7ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಐಫೋನ್ 4 ಬಿಡುಗಡೆಯ ಪ್ರಾತ್ಯಕ್ಷಿಕೆ ಸಂಪರ್ಕದ ತೊಂದರೆಯಿಂದ ನಿಂತುಹೋಯಿತು. ಸಭಾಂಗಣದಲ್ಲಿ 570 ವೈ-ಫೈ ಕೇಂದ್ರಗಳು ಚಾಲನೆಯಲ್ಲಿವೆ ಎಂದ ಸ್ಟೀವ್ ಜಾಬ್ಸ್, ಅವನ್ನು ಆರಿಸಿ ಲ್ಯಾಪ್‌ಟಾಪ್‌ಗಳನ್ನು ಕೆಳಗಿಡುವಂತೆ ಸಭಿಕರನ್ನು ಕೋರಿದರು. ಅಲ್ಲಿದ್ದ ಹಲವರು ಅದೇ ಕ್ಷಣದಲ್ಲಿ ಲೈವ್‌ಬ್ಲಾಗ್ ಬರೆಯುತ್ತಿದ್ದರು.

ಇತರ ದಾಖಲೆಗಳೊಂದಿಗೆ ಹೋಲಿಕೆ

ವಿಡಿಯೊ ಧ್ವನಿಮುದ್ರಣವು ಭಾಷಣವನ್ನು ಪೂರ್ಣವಾಗಿ ಹಿಡಿದಿಡುತ್ತದೆ. ಆದರೆ ಒಂದು ಗಂಟೆಯ ಮಾತಿಗೆ ಒಂದು ಗಂಟೆಯೇ ಬೇಕು; ಅದರೊಳಗಿನ ಒಂದು ವಾಕ್ಯವನ್ನು ಹುಡುಕುವುದು ಕಷ್ಟ. ಭಾಷಣಕಾರರು ಹಂಚುವ ಸ್ಲೈಡ್‌ಗಳಲ್ಲಿ ಕೆಲವೇ ಪದಗಳೂ ಚಿತ್ರಗಳೂ ಇರುವುದರಿಂದ ಮಾತಿಲ್ಲದೆ ಅವು ಅರ್ಥವಾಗುವುದು ವಿರಳ. ಸಾಮಾಜಿಕ ಜಾಲತಾಣದ ಚುಟುಕುಗಳು ಆಕರ್ಷಕ ವಾಕ್ಯಗಳನ್ನು ಎತ್ತಿಕೊಂಡು, ಅವುಗಳ ಹಿಂದಿನ ವಾದವನ್ನು ಬಿಟ್ಟುಬಿಡುತ್ತವೆ. ಅಮೆರಿಕದ ವಿನ್ಯಾಸಕಾರ ಮೈಕ್ ರೋಡೆ ಜನಪ್ರಿಯಗೊಳಿಸಿದ 'ಸ್ಕೆಚ್‌ನೋಟ್' ಎಂಬ ಚಿತ್ರಸಹಿತ ಟಿಪ್ಪಣಿ ನೆನಪಿಗೆ ಸಹಾಯಕ, ಆದರೆ ಅದರ ಕೈಬರಹ ಶೋಧಯಂತ್ರಗಳಿಗೆ ಸುಲಭವಾಗಿ ಸಿಗುವುದಿಲ್ಲ. ಲೈವ್‌ಬ್ಲಾಗ್ ಕೆಲವೇ ನಿಮಿಷಗಳಲ್ಲಿ ಓದಬಹುದಾದ, ಹುಡುಕಬಹುದಾದ, ಅನುವಾದಿಸಬಹುದಾದ ಪಠ್ಯ. ಕಿವಿ ಕೇಳಿಸದವರಿಗೂ ಅದು ನೇರವಾಗಿ ದೊರೆಯುತ್ತದೆ.

ಮಿತಿಗಳು ಮತ್ತು ಟೀಕೆ

ವೇಗಕ್ಕಾಗಿ ನಿಖರತೆ ಬಲಿಯಾಗಬಹುದು ಎಂಬುದು ಲೈವ್‌ಬ್ಲಾಗಿಂಗ್ ಮೇಲಿನ ಮುಖ್ಯ ಆಕ್ಷೇಪ. 2012ರ ಜೂನ್ 28ರಂದು ಅಮೆರಿಕದ ಸುಪ್ರೀಂ ಕೋರ್ಟ್ ಆರೋಗ್ಯ ವಿಮೆ ಕಾಯ್ದೆಯ ಬಗ್ಗೆ ತೀರ್ಪು ನೀಡಿದಾಗ, ಸಿಎನ್‌ಎನ್ ಮತ್ತು ಫಾಕ್ಸ್ ವಾಹಿನಿಗಳು ಆರಂಭದ ಭಾಗವನ್ನಷ್ಟೇ ಗಮನಿಸಿ ಕಾಯ್ದೆಯ ಮುಖ್ಯ ಅಂಶ ರದ್ದಾಯಿತೆಂದು ವರದಿ ಮಾಡಿದವು. ನ್ಯಾಯಾಲಯದ ಕಲಾಪಗಳಿಗೆ ಮೀಸಲಾದ ಸ್ಕೋಟಸ್‌ಬ್ಲಾಗ್‌ನ ಲೈವ್‌ಬ್ಲಾಗ್, ಕಾಯ್ದೆ ಊರ್ಜಿತವಾಯಿತೆಂದು ಸರಿಯಾಗಿ ತಿಳಿಸಿತು. ವೇಗದ ಬರಹದಲ್ಲಿ ತಪ್ಪು ಅನಿವಾರ್ಯವಲ್ಲ, ವಿಷಯದ ಆಳವಾದ ಪರಿಚಯ ಅದನ್ನು ತಡೆಯಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಸಮ್ಮೇಳನಗಳಿಗೆ ಸಂಬಂಧಿಸಿದ ಆಕ್ಷೇಪಗಳು ಬೇರೆ ಬಗೆಯವು. ಕೀಲಿಮಣೆಯ ಸದ್ದು ಮತ್ತು ಪರದೆಯ ಬೆಳಕು ನೆರೆಯವರಿಗೆ ಕಿರಿಕಿರಿಯಾಗುತ್ತವೆ. ಬರೆಯುವವರು ಮಾತಿನಲ್ಲಿ ಪೂರ್ಣವಾಗಿ ತೊಡಗಲಾರರು ಎಂಬುದು ಕೆಲವರ ವಾದ. ಬರೆಯುವುದರಿಂದಲೇ ಗಮನ ನಿಲ್ಲುತ್ತದೆ ಎಂಬುದು ಇನ್ನು ಕೆಲವರ ಅನುಭವ. ಒಂದೇ ಉಪನ್ಯಾಸವನ್ನು ಹಲವು ನಗರಗಳಲ್ಲಿ ನೀಡುವ ಭಾಷಣಕಾರರಿಗೆ ಅದರ ಪೂರ್ಣ ವಿವರ ಮೊದಲೇ ಪ್ರಕಟವಾಗುವುದು ಹಿಡಿಸದಿರಬಹುದು. ಆದಕಾರಣ ಭಾಷಣಕಾರರ ಒಪ್ಪಿಗೆಯನ್ನು ಮೊದಲೇ ಕೇಳುವುದು, 'ಇದನ್ನು ಬರೆಯಬೇಡಿ' ಎಂದ ಭಾಗವನ್ನು ಬಿಡುವುದು ಶಿಷ್ಟಾಚಾರವೆನಿಸಿದೆ.

ಸಂರಕ್ಷಣೆ

ಲೈವ್‌ಬ್ಲಾಗ್‌ನ ಮೌಲ್ಯ ಘಟನೆಯ ದಿನಕ್ಕೆ ಮುಗಿಯುವುದಿಲ್ಲ. ಡಿಕನ್‌ಸ್ಟ್ರಕ್ಟ್ 2015ರವರೆಗೆ ಪ್ರತಿವರ್ಷ ನಡೆದು, 2022ರಲ್ಲಿ ಕೊನೆಯ ಬಾರಿಗೆ ನಡೆಯಿತು. 'ಆ್ಯನ್ ಈವೆಂಟ್ ಅಪಾರ್ಟ್' ಕೂಡ ಈಗ ನಡೆಯುತ್ತಿಲ್ಲ. ಸಮ್ಮೇಳನಗಳು ನಿಂತ ಮೇಲೆ ಅಲ್ಲಿ ಆಡಿದ ಮಾತಿಗೆ ಉಳಿಯುವುದು ದಾಖಲೆಗಳು ಮಾತ್ರ.

ಆದರೆ ಆ ದಾಖಲೆಗಳೂ ಅಳಿಯುತ್ತವೆ. ಲಕ್ಷಾಂತರ ವೈಯಕ್ತಿಕ ಪುಟಗಳಿದ್ದ ಜಿಯೋಸಿಟೀಸ್ ಅನ್ನು ಯಾಹೂ 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಪೋಸ್ಟರಸ್ ಬ್ಲಾಗ್ ಸೇವೆ 2013ರ ಏಪ್ರಿಲ್‌ನಲ್ಲಿ ನಿಂತಿತು. ಸಮ್ಮೇಳನದ ಟ್ವೀಟ್‌ಗಳನ್ನು ಒಂದೆಡೆ ಪೋಣಿಸಲು ಬಳಸುತ್ತಿದ್ದ ಸ್ಟೋರಿಫೈ 2018ರ ಮೇ ತಿಂಗಳಲ್ಲಿ ಕೊನೆಗೊಂಡಿತು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷಗಳಲ್ಲಿ ಅಲಭ್ಯವಾಗಿದ್ದವು.

ಈ ಹಿನ್ನೆಲೆಯಲ್ಲಿ ಸ್ವಂತ ಡೊಮೇನ್‌ನಲ್ಲಿ ಬ್ಲಾಗ್ ನಡೆಸುವುದಕ್ಕೆ ಮಹತ್ವ ಬಂದಿದೆ. 2011ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ನಡೆದ ಮೊದಲ ಇಂಡೀವೆಬ್‌ಕ್ಯಾಂಪ್‌ನಿಂದ ಬೆಳೆದ 'ಇಂಡೀವೆಬ್' ಚಳವಳಿಯು, ಬರಹವನ್ನು ಮೊದಲು ಸ್ವಂತ ತಾಣದಲ್ಲಿ ಪ್ರಕಟಿಸಿ ಆಮೇಲೆ ಇತರ ಜಾಲಗಳಿಗೆ ಪ್ರತಿ ಕಳುಹಿಸುವ ಕ್ರಮವನ್ನು ಪ್ರತಿಪಾದಿಸುತ್ತದೆ. ಒಂದು ತಾಣ ಮತ್ತೊಂದನ್ನು ಉಲ್ಲೇಖಿಸಿದಾಗ ಸೂಚನೆ ಕಳುಹಿಸುವ 'ವೆಬ್‌ಮೆನ್ಶನ್' ವಿಧಾನವನ್ನು ಡಬ್ಲ್ಯು3ಸಿ ಒಕ್ಕೂಟ 2017ರ ಜನವರಿಯಲ್ಲಿ ಅಧಿಕೃತ ಶಿಫಾರಸಾಗಿ ಅಂಗೀಕರಿಸಿತು. ಸ್ವಂತ ಡೊಮೇನ್ ಕೂಡ ಶಾಶ್ವತವಲ್ಲ. ಅದರ ಶುಲ್ಕವನ್ನು ಕಾಲಕಾಲಕ್ಕೆ ಕಟ್ಟಬೇಕು, ತಂತ್ರಾಂಶ ಬದಲಾದರೂ ಹಳೆಯ ಜಾಲವಿಳಾಸಗಳನ್ನು ಕಾಪಾಡಬೇಕು. ನಡೆಸುವವರು ತೀರಿಕೊಂಡ ಬಳಿಕ ಯಾರು ಹೊಣೆ ಎಂಬ ಪ್ರಶ್ನೆಯೂ ಇದೆ. 1996ರಲ್ಲಿ ಸ್ಥಾಪಿತವಾದ ಇಂಟರ್‌ನೆಟ್ ಆರ್ಕೈವ್‌ನ 'ವೇಬ್ಯಾಕ್ ಮಷಿನ್'ನಲ್ಲಿ ಪ್ರತಿ ಇರಿಸುವುದು ಇದಕ್ಕೆ ಆಂಶಿಕ ಪರಿಹಾರ.

ಜಾಲವಿಳಾಸಗಳ ಅಲ್ಪಾಯುಷ್ಯದ ಬಗ್ಗೆ ಜೆರೆಮಿ ಕೀತ್ 2011ರ ಫೆಬ್ರವರಿ 22ರಂದು 'ಲಾಂಗ್ ಬೆಟ್ಸ್' ತಾಣದಲ್ಲಿ ಒಂದು ಪಂತ ದಾಖಲಿಸಿದರು: ಆ ಪಂತದ ಮೂಲ ವಿಳಾಸವೇ 11 ವರ್ಷಗಳ ಬಳಿಕ ತೆರೆದುಕೊಳ್ಳುವುದಿಲ್ಲ ಎಂಬುದು ಅವರ ಭವಿಷ್ಯವಾಣಿ. ಮೆಟಾಫಿಲ್ಟರ್ ತಾಣದ ಸ್ಥಾಪಕ ಮ್ಯಾಟ್ ಹಾವಿ ಪ್ರತಿಪಂತ ಕಟ್ಟಿದರು. 2022ರ ಫೆಬ್ರವರಿ 22ರಂದು ವಿಳಾಸ ತೆರೆದುಕೊಂಡಿತು, ಕೀತ್ ಸೋತರು. ನಿಗಾ ಇದ್ದರೆ ಜಾಲದ ದಾಖಲೆ ಬಾಳುತ್ತದೆ ಎಂಬುದಕ್ಕೆ ಈ ಸೋಲು ಉದಾಹರಣೆಯಾಯಿತು.

ಭಾರತ ಮತ್ತು ಕನ್ನಡದಲ್ಲಿ

ಭಾರತದಲ್ಲಿ ಕ್ರಿಕೆಟ್ ಪಂದ್ಯ, ಮುಂಗಡಪತ್ರ ಮಂಡನೆ, ಮತ ಎಣಿಕೆಯ ದಿನಗಳಲ್ಲಿ ಕನ್ನಡವೂ ಸೇರಿದಂತೆ ಎಲ್ಲ ಪ್ರಮುಖ ಭಾಷೆಗಳ ಸುದ್ದಿತಾಣಗಳು ಲೈವ್‌ಬ್ಲಾಗ್ ನಡೆಸುತ್ತವೆ. ಬೆಂಗಳೂರಿನಲ್ಲಿ 2006ರಲ್ಲಿ ಬಾರ್‌ಕ್ಯಾಂಪ್ ಎಂಬ ಮುಕ್ತ ಸಮಾವೇಶ ಆರಂಭವಾಯಿತು. ಹ್ಯಾಸ್‌ಗೀಕ್ ಸಂಸ್ಥೆ 2011ರಲ್ಲಿ ಜಾವಾಸ್ಕ್ರಿಪ್ಟ್ ಕುರಿತ 'ಜೆಎಸ್‌ಫೂ', 2012ರಲ್ಲಿ ವೆಬ್ ವಿನ್ಯಾಸಕ್ಕೆ ಸಂಬಂಧಿಸಿದ 'ಮೆಟಾ ರಿಫ್ರೆಶ್' ಸಮ್ಮೇಳನಗಳನ್ನು ಇಲ್ಲಿ ನಡೆಸಿತು.

ಕನ್ನಡದ ಮೊದಲ ಜಾಲತಾಣವೆನಿಸಿದ ಯು. ಬಿ. ಪವನಜ ಅವರ 'ವಿಶ್ವಕನ್ನಡ' 1996ರಲ್ಲಿ ಆರಂಭವಾಯಿತು. ಯೂನಿಕೋಡ್ ಬೆಂಬಲ ವಿಂಡೋಸ್ ಎಕ್ಸ್‌ಪಿಯೊಂದಿಗೆ ಬಂದ ಬಳಿಕ ಕನ್ನಡ ಬ್ಲಾಗ್‌ಗಳು ಹೆಚ್ಚಿದವು. ಹರಿಪ್ರಸಾದ್ ನಾಡಿಗ್ 2005ರಲ್ಲಿ ಆರಂಭಿಸಿದ 'ಸಂಪದ' ಸಮುದಾಯ ತಾಣ ಅನೇಕರಿಗೆ ಬರವಣಿಗೆಯ ನೆಲೆಯಾಯಿತು.

ತಾಂತ್ರಿಕ ಉಪನ್ಯಾಸವನ್ನು ಕನ್ನಡದಲ್ಲಿ ಲೈವ್‌ಬ್ಲಾಗ್ ಮಾಡುವುದರಲ್ಲಿ ಎರಡು ವಿಶೇಷ ತೊಡಕುಗಳಿವೆ. ಇಂಥ ಸಮ್ಮೇಳನಗಳ ಭಾಷೆ ಬಹುತೇಕ ಇಂಗ್ಲಿಷ್ ಆದುದರಿಂದ ಬರೆಯುವವರು ಅನುವಾದವನ್ನೂ ಅದೇ ಗಳಿಗೆಯಲ್ಲಿ ಮಾಡಬೇಕು. ಒಪ್ಪಿತ ಪಾರಿಭಾಷಿಕ ಪದವಿಲ್ಲದ ಕಡೆ ಹೊಸ ಪದ ಕಟ್ಟಬೇಕೇ, ಮೂಲ ಪದವನ್ನೇ ಇಡಬೇಕೇ ಎಂದು ತೀರ್ಮಾನಿಸಬೇಕು. ಬೆರಳಚ್ಚಿನ ಶ್ರಮವೂ ಹೆಚ್ಚು. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಒಂದು ಒತ್ತಕ್ಷರಕ್ಕೆ ವ್ಯಂಜನ, ಅರ್ಧಾಕ್ಷರದ ಕೀಲಿ, ಮತ್ತೊಂದು ವ್ಯಂಜನ ಹೀಗೆ ಕನಿಷ್ಠ ಮೂರು ಬಾರಿ ಒತ್ತಬೇಕಾಗುತ್ತದೆ. ಮಾತು ನಡೆಯುವಾಗ ಇಂಗ್ಲಿಷ್ ಮತ್ತು ಕನ್ನಡ ಬೆರೆತ ಚಿಕ್ಕ ಟಿಪ್ಪಣಿ ಮಾಡಿಕೊಂಡು, ಅದೇ ದಿನ ಸಂಜೆಯೊಳಗೆ ಕನ್ನಡದಲ್ಲಿ ವಿಸ್ತರಿಸಿ ಪ್ರಕಟಿಸುವುದು ಇದಕ್ಕೆ ಒಂದು ಮಧ್ಯಮಾರ್ಗ. ತತ್‌ಕ್ಷಣತೆ ಸ್ವಲ್ಪ ಕಡಿಮೆಯಾದರೂ, ಇಂಗ್ಲಿಷ್ ಉಪನ್ಯಾಸ ಕೇಳಿ ಅರ್ಥಮಾಡಿಕೊಳ್ಳಲು ಕಷ್ಟಪಡುವ ವಿದ್ಯಾರ್ಥಿಗಳಿಗೆ ಅದು ಬಾಳುವ ಪಠ್ಯವಾಗುತ್ತದೆ.

ಇವನ್ನೂ ನೋಡಿ

ಬ್ಲಾಗ್
ವೆಬ್ ವಿನ್ಯಾಸ
ನಾಗರಿಕ ಪತ್ರಿಕೋದ್ಯಮ
ಆರ್‌ಎಸ್‌ಎಸ್
ಇಂಟರ್‌ನೆಟ್ ಆರ್ಕೈವ್